ಡಿಸ್ಕೌಂಟ್ ಕ್ಯಾಮೆರಾನೇ ಸಾಕು ಕಣ್ರೀ

ಬೀದಿ ಫೋಟೋಗ್ರಫಿಗೆ ಅಂತ ಹೊಸ ಮಾಡೆಲ್‌ಗೆ ಇಎಂಐ ಹಾಕೋ ಗೆಳೆಯರೇ, ಸ್ವಲ್ಪ ತಡೀರಿ. ನಾನೂ ಮೊದಲು ಉದ್ದ ಲೆನ್ಸ್ ಹೊತ್ತು ಕೆ.ಆರ್. ಮಾರ್ಕೆಟ್ಟಿಗೆ ಹೋದವನೇ. ಹೂವು ಮಾರುವ ಅಜ್ಜಿ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ನಮ್ಮವ್ವನ ಮೇಲೆ ಯಾರಾದರೂ ಹೀಗೆ ದೂರದಿಂದ ಗುರಿ ಇಟ್ಟಿದ್ದರೆ? ನಾಚಿಕೆಯಾಯ್ತು.

ಆಮೇಲೆ ಕೊಂಡಿದ್ದು ರಿಯಾಯಿತಿಯಲ್ಲಿ ಸಿಕ್ಕ, 2013ರ ರಿಕೋ ಜಿಆರ್. 16 ಮೆಗಾಪಿಕ್ಸೆಲ್, 28 ಎಂಎಂ ನೋಟ, ಜೇಬಲ್ಲಿ ಕೂರುತ್ತೆ. ಸ್ನ್ಯಾಪ್ ಫೋಕಸ್ 2 ಮೀಟರಿಗೆ, ಅಪರ್ಚರ್ ಎಫ್/8ಕ್ಕೆ ಇಟ್ಟರೆ ಫೋಕಸ್ ಹುಡುಕೋ ತಾಪತ್ರಯವಿಲ್ಲ.

ಜೂಮ್ ಲೆನ್ಸ್ ಇಲ್ಲ, ನಿಜ. ಅದನ್ನ ಕೊರತೆ ಅನ್ನಬೇಡಿ. ಮುಖ ಬೇಕಂದ್ರೆ ಹತ್ತಿರ ಹೋಗಲೇಬೇಕು, ಹೋದಮೇಲೆ "ತೆಗೀಲಾ ಅಜ್ಜಿ?" ಅಂತ ಕೇಳಲೇಬೇಕು. ಬೇಡ ಅಂದ್ರೆ ಎರಡು ಮೊಳ ಹೂವು ಕೊಂಡು ಸುಮ್ಮನೆ ಬನ್ನಿ.