ಗೃಹವಿಚಾರ: ಜೀರ್ಣೋದ್ಧಾರದಲ್ಲಿ ಶೀತೋಷ್ಣಗಳ ಏರ್ಪಾಡು



ಕಲಬುರಗಿಯ ಕಡೆಯ ಗೃಹಿಣಿಯೊಬ್ಬರು ಈ ತಿಂಗಳು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುವರು. ಅವರದು ಅಜ್ಜನ ಕಾಲದ ಮನೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ನಡುವೆ ತೆರೆದ ಅಂಗಳ, ಅದರ ಸುತ್ತ ಪಡಸಾಲೆ, ಮೇಲೆ ತೊಲೆ ಜಂತೆಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ. ಇಪ್ಪತ್ತು ವರ್ಷಗಳ ಹಿಂದೆ ಹಿತ್ತಿಲ ಕಡೆಗೆ ಸಿಮೆಂಟಿನ ತಾರಸಿಯುಳ್ಳ ಎರಡು ಕೋಣೆಗಳನ್ನೂ ಒಂದು ಸ್ನಾನಗೃಹವನ್ನೂ ಸೇರಿಸಿದರಂತೆ. ಸ್ನಾನಗೃಹವು ಹತ್ತಿರವೆಂಬ ಕಾರಣದಿಂದ ಎಪ್ಪತ್ತೆಂಟು ವರ್ಷ ವಯಸ್ಸಿನ ಅತ್ತೆಯವರು ಆ ಹೊಸ ಕೋಣೆಯಲ್ಲಿಯೇ ಮಲಗುವರು. ಕಳೆದ ಬೇಸಗೆಯಲ್ಲಿ ಅವರು ಎರಡು ಸಲ ಪ್ರಜ್ಞೆ ತಪ್ಪಿದರು. ಈಗ ಮನೆಯನ್ನು ದುರಸ್ತು ಮಾಡಿಸಲು ಯಜಮಾನರು ನಿಶ್ಚಯಿಸಿದ್ದಾರೆ. ಮಣ್ಣಿನ ಮಾಳಿಗೆಯನ್ನು ಕಿತ್ತು ಕಾಂಕ್ರೀಟು ಹಾಕಿಸುವುದು, ಅಂಗಳದ ಮೇಲೆ ಬೆಳಕು ಬರುವ ಹಾಳೆಗಳನ್ನು ಮುಚ್ಚಿಸುವುದು, ಕೋಣೆ ಕೋಣೆಗೂ ಎ.ಸಿ. ಕೂಡಿಸುವುದು, ಇದು ಅವರ ಸಂಕಲ್ಪ. ಹಣವು ಮಾತ್ರ ಮಿತವಾಗಿದೆ. “ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಬಿಡಬೇಕು?” ಎಂದು ಆ ಸಹೋದರಿಯು ಕೇಳಿರುವರು.

ಈ ಪ್ರಶ್ನೆಯು ಒಂದು ಮನೆಗೆ ಮಾತ್ರ ಸಂಬಂಧಪಟ್ಟುದಲ್ಲವಾದುದರಿಂದ ಇಲ್ಲಿ ವಿಸ್ತಾರವಾಗಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ವೃದ್ಧರ ವಿಷಯ. ಸೆಕೆಯನ್ನು ಸಹಿಸುವುದು ಮನೋಬಲದ ಮಾತೆಂದು ಅನೇಕರು ತಿಳಿದಿರುವರು, ಇದು ಸರಿಯಲ್ಲ. ದೇಹವು ತನ್ನ ತಾಪವನ್ನು ಮುಖ್ಯವಾಗಿ ಬೆವರಿನ ಮೂಲಕ ಹೊರಹಾಕುತ್ತದೆ. ವಯಸ್ಸಾದಂತೆ ಬೆವರು ಕಡಮೆಯಾಗುತ್ತದೆ, ಬಾಯಾರಿಕೆಯೂ ಮಂದವಾಗುತ್ತದೆ. ಹಗಲೆಲ್ಲ ಕಾದ ಶರೀರಕ್ಕೆ ರಾತ್ರಿಯಾದರೂ ತಂಪು ದೊರೆಯದಿದ್ದರೆ ಹೃದಯಕ್ಕೆ ವಿಶ್ರಾಂತಿಯೆಂಬುದೇ ಇಲ್ಲ. ಅಹಮದಾಬಾದಿನಲ್ಲಿ 2010ನೆಯ ಇಸವಿಯ ಮೇ ತಿಂಗಳ ಬಿಸಿಲು ಬಹು ಜನರನ್ನು ಬಲಿತೆಗೆದುಕೊಂಡ ಮೇಲೆ, ಆ ನಗರದವರು 2013ರಲ್ಲಿ ಸೆಕೆಯಿಂದ ಜನರನ್ನು ಕಾಪಾಡುವ ಯೋಜನೆಯೊಂದನ್ನು ಜಾರಿಗೆ ತಂದರು. ಆದುದರಿಂದ ಮನೆಯ ಶೈತ್ಯವು ಸುಖಿಗಳ ವಿಲಾಸವೆಂದು ಉಪೇಕ್ಷಿಸತಕ್ಕದ್ದಲ್ಲ. ವೃದ್ಧರಿಗೂ ಶಿಶುಗಳಿಗೂ ಅದು ಪ್ರಾಣದ ಪ್ರಶ್ನೆ.

ಇನ್ನು ಸೆಕೆಯು ಮನೆಯೊಳಕ್ಕೆ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ನೋಡೋಣ. ಕಲಬುರಗಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17 ಡಿಗ್ರಿಗಳಲ್ಲಿದೆ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆ ಕಾಲದಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದು ಅತ್ಯಲ್ಪ. ಪೂರ್ವ ಪಶ್ಚಿಮದ ಗೋಡೆಗಳಿಗೆ ಬೆಳಗ್ಗೆ ಮತ್ತು ಸಂಜೆ ಓರೆಯಾಗಿ ತಾಗುತ್ತದೆ. ಛಾವಣಿಗಾದರೋ ಉದಯದಿಂದ ಅಸ್ತದವರೆಗೂ ಬಿಡುವಿಲ್ಲ. ಐದಂಗುಲದ ಕಾಂಕ್ರೀಟು ಹಗಲಲ್ಲಿ ಹೀರಿದ ಶಾಖವನ್ನು ಸಂಜೆಯಿಂದ ಮಧ್ಯರಾತ್ರಿಯವರೆಗೆ ಕೆಳಗೆ ಮಲಗಿದವರ ಮೇಲೆ ಸುರಿಸುತ್ತಿರುತ್ತದೆ. ಅತ್ತೆಯವರ ಕೋಣೆಯಲ್ಲಿ ರಾತ್ರಿ ನಿದ್ದೆ ಬಾರದಿರುವುದಕ್ಕೆ ಇದೇ ಕಾರಣ. ಶತ್ರುವು ತಲೆಯ ಮೇಲಿರುವಾಗ ಕಿಟಕಿಯಲ್ಲಿ ಯಂತ್ರವನ್ನಿಟ್ಟು ಹೋರಾಡುವುದು ತೂತಿರುವ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಹೀಗಿರಲು ಮೊದಲ ವೆಚ್ಚವು ಛಾವಣಿಗೆ ಸಲ್ಲತಕ್ಕದ್ದು. ಅಲ್ಪವ್ಯಯದ ಉಪಾಯವೆಂದರೆ ತಾರಸಿಗೆ ಸುಣ್ಣವನ್ನಾಗಲಿ, ಬಿಸಿಲನ್ನು ಹಿಂದೆರಳಿಸುವ ಬಿಳಿಯ ಬಣ್ಣವನ್ನಾಗಲಿ ಬಳಿಯುವುದು. ಬಿಳಿಯ ಮೇಲ್ಮೈಯು ಬಿಸಿಲಿನ ಹೆಚ್ಚು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಧೂಳು ಕವಿದರೆ ಗುಣವು ಕುಗ್ಗುವುದರಿಂದ ಬೇಸಗೆಗೆ ಮುಂಚೆ ತೊಳೆದು, ಅವಶ್ಯವಿದ್ದರೆ ಮತ್ತೆ ಬಳಿಯಬೇಕು. ನೆರೆಯ ತೆಲಂಗಾಣದಲ್ಲಿ 2023ರಲ್ಲಿ ಸರ್ಕಾರವೇ ಇಂತಹ ತಂಪು ಛಾವಣಿಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. ಸ್ವಲ್ಪ ಹೆಚ್ಚು ಹಣವುಳ್ಳವರು ಬಿಳಿಯ ಚೀನೀ ಹೆಂಚಿನ ಚೂರುಗಳನ್ನು ಗಾರೆಯಲ್ಲಿ ಕೂಡಿಸಬಹುದು. ಅಥವಾ ಶಾಖನಿರೋಧಕವಾದ ಹಲಗೆಗಳನ್ನು ಹಾಸಿ ಮೇಲೆ ಗಾರೆ ಮಾಡಿಸಬಹುದು. ಮಣ್ಣಿನ ಮಡಕೆಗಳನ್ನು ಬೋರಲಾಗಿ ಜೋಡಿಸಿ ಮೇಲೆ ಗಚ್ಚು ಹಾಕುವ ಹಳೆಯ ಪದ್ಧತಿಯೂ ಒಳ್ಳೆಯದೇ. ಆದರೆ ಭಾರ ಹೆಚ್ಚಿಸುವ ಯಾವ ಕೆಲಸಕ್ಕೂ ಮುಂಚೆ ತಾರಸಿಯ ಶಕ್ತಿಯನ್ನು ಇಂಜಿನಿಯರರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ.

ಮಣ್ಣಿನ ಮಾಳಿಗೆಯನ್ನು ಕೀಳಿಸುವ ವಿಚಾರದಲ್ಲಿ ನಾವು ಯಜಮಾನರೊಡನೆ ಭಿನ್ನಾಭಿಪ್ರಾಯವುಳ್ಳವರು. ದಪ್ಪನಾದ ಮಣ್ಣು ಬೇಗನೆ ಕಾಯುವುದಿಲ್ಲ. ಅದರ ಕೆಳಗಿನ ಪಡಸಾಲೆಯು ವೈಶಾಖದ ಮಧ್ಯಾಹ್ನದಲ್ಲಿಯೂ ತಂಪಾಗಿರುವುದನ್ನು ಮನೆಯವರೇ ಬಲ್ಲರು. ಸೋರುವುದು, ಗೆದ್ದಲು ಹಿಡಿಯುವುದು, ಇವು ಅದರ ದೋಷಗಳು. ತೊಲೆಗಳನ್ನು ಬಡಗಿಯಿಂದ ತಟ್ಟಿ ನೋಡಿಸಿ, ಹುಳುಕಾದವನ್ನು ಬದಲಾಯಿಸಿ, ಮೇಲ್ಮಣ್ಣನ್ನು ಹೊಸದಾಗಿ ಕೂಡಿಸಿ, ನೀರು ಹರಿಯುವ ಇಳಿಜಾರನ್ನು ಸರಿಪಡಿಸಿದರೆ ಬಹುಪಾಲು ತೊಂದರೆ ನೀಗುತ್ತದೆ. ತೊಲೆಗಳೇ ಸತ್ತ್ವಹೀನವಾಗಿದ್ದರೆ ಮಾತ್ರ ಕಾಂಕ್ರೀಟಿನ ಮಾತು. ಆಗಲೂ ಮೇಲೆ ಹೇಳಿದ ಶಾಖರಕ್ಷಣೆಯನ್ನು ಅದೇ ಲೆಕ್ಕದಲ್ಲಿ ಸೇರಿಸತಕ್ಕದ್ದು.

ಅಂಗಳವನ್ನು ಮುಚ್ಚಿಸುವುದಂತೂ ಬೇಡವೇ ಬೇಡ. ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬಯಲಿಗೆ ಬಿಟ್ಟು ತಣಿಯುತ್ತದೆ. ತಂಪಾದ ಗಾಳಿಯು ಭಾರವಾದುದರಿಂದ ಅಂಗಳಕ್ಕೆ ಇಳಿದು ಪಡಸಾಲೆಗೆ ಹರಡುತ್ತದೆ. ಬಿಸಿಗಾಳಿಯು ಮೇಲಕ್ಕೆ ಹೋಗುತ್ತದೆ. ಬೆಳಕು ಬರುವ ಹಾಳೆಯನ್ನು ಬಿಗಿಯಾಗಿ ಹೊದಿಸಿದರೆ ಬಿಸಿಲು ಒಳಗೆ ಬರುವುದು, ಬಿಸಿಗಾಳಿ ಹೊರಗೆ ಹೋಗದು. ಅಂಗಳವು ಗಿಡ ಬೆಳೆಸುವ ಗಾಜಿನ ಮನೆಯಂತಾಗುವುದು. ಮಳೆಯ ಎರಚಲು ಅಥವಾ ಕಪಿಗಳ ಕಾಟವಿದ್ದರೆ ಕಬ್ಬಿಣದ ಜಾಲರಿಯನ್ನು ಹಾಕಿಸಿ, ಅದರ ಮೇಲೆ ಎರಡಡಿ ಎತ್ತರದಲ್ಲಿ, ನಾಲ್ಕು ಪಾರ್ಶ್ವಗಳೂ ತೆರೆದಿರುವಂತೆ ಸಣ್ಣ ಮಾಡನ್ನು ಕಟ್ಟಿಸಬಹುದು. ಬೇಸಗೆಯ ಹಗಲಿಗೆ ಸರಿಸಲು ಬರುವ ಬಟ್ಟೆಯ ಮೇಲುಕಟ್ಟು ಸಾಕು.

ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದು ಹೆಸರು. ಗಾಳಿಯು ನಡೆಯುವ ದಾರಿ ಎಂದರ್ಥ. ನಮ್ಮ ಹಿರಿಯರು ಅದನ್ನು ನೋಟಕ್ಕಾಗಿ ಅಲ್ಲ, ಗಾಳಿಗಾಗಿ ಹೆಸರಿಸಿದರೆಂಬುದು ಗಮನಾರ್ಹ. ಆದರೆ ಹೊರಗಿನ ಗಾಳಿಯೇ ಒಲೆಯ ಉಸಿರಿನಂತಿರುವಾಗ ಕಿಟಕಿಯನ್ನು ತೆರೆದಿಡುವುದು ಅವಿವೇಕ. ಹತ್ತು ಗಂಟೆಗೆ ಮುಚ್ಚಿ, ಸೂರ್ಯಾಸ್ತದ ಮೇಲೆ ಹೊರಗೆ ತಂಪಾದಾಗ ಎದುರುಬದುರಾಗಿ ತೆರೆಯಬೇಕು. ಪಶ್ಚಿಮದ ಕಿಟಕಿಗೆ ಪರದೆಯನ್ನು ಒಳಗೆ ಹಾಕುವುದಕ್ಕಿಂತ ಹೊರಗೆ ಲಾವಂಚದ ತಟ್ಟಿಯನ್ನೋ ಬಿದಿರಿನ ಚಾಪೆಯನ್ನೋ ಇಳಿಬಿಡುವುದು ಮೇಲು. ಗಾಜನ್ನು ದಾಟಿ ಬಂದ ಬಿಸಿಲು ಆಗಲೇ ಮನೆಯೊಳಗಿನ ಶಾಖವಾಗಿಬಿಟ್ಟಿರುತ್ತದೆ.

ಇನ್ನು ಯಂತ್ರಗಳು. ಪಂಖವು ಗಾಳಿಯನ್ನು ತಣಿಸುವುದಿಲ್ಲ. ಬೆವರನ್ನು ಆರಿಸಿ ದೇಹವನ್ನು ತಣಿಸುತ್ತದೆ. ಉಷ್ಣತೆಯು 40 ಡಿಗ್ರಿಯನ್ನು ಮೀರಿದಾಗ ಪಂಖದ ಗಾಳಿಯೇ ದೇಹವನ್ನು ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ. ಹೊಸ ಬಗೆಯ ಬಿ.ಎಲ್.ಡಿ.ಸಿ. ಪಂಖಗಳು ಹಳೆಯವುಗಳ ಅರ್ಧಕ್ಕಿಂತ ಕಡಮೆ ವಿದ್ಯುತ್ತಿನಲ್ಲಿ ತಿರುಗುವುವು. ಹಗಲಿರುಳು ನಡೆಯುವಲ್ಲಿ ಇವನ್ನೇ ಕೊಳ್ಳಬೇಕು. ನೀರಿನ ಕೂಲರು ಕಲಬುರಗಿ ರಾಯಚೂರುಗಳ ಒಣಹವೆಗೆ ಬಹಳ ಒಪ್ಪುತ್ತದೆ, ಮಂಗಳೂರಿನ ತೇವದ ಹವೆಗೆ ಒಪ್ಪುವುದಿಲ್ಲ. ಏಕೆಂದರೆ ನೀರು ಆವಿಯಾದರೆ ತಾನೇ ತಂಪು? ಅದು ಬೀಸುವಾಗ ಎದುರಿನ ಕಿಟಕಿ ತೆರೆದಿರಬೇಕು.

ಎ.ಸಿ.ಯು ಬೇಡವೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಒಂದು ಕೋಣೆಗಾದರೂ ಅದಿದ್ದರೆ ಅತಿಘೋರವಾದ ದಿನಗಳಲ್ಲಿ ವೃದ್ಧರನ್ನೂ ಮಕ್ಕಳನ್ನೂ ಅಲ್ಲಿ ಉಳಿಸಬಹುದು. ಇದನ್ನು ಅಳೆಯುವ ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಪ್ರಮಾಣ, ಎಂದರೆ ಸುಮಾರು ಮೂರೂವರೆ ಕಿಲೋವಾಟ್. ಛಾವಣಿಯನ್ನು ಮೊದಲು ಸರಿಪಡಿಸಿದ ಕೋಣೆಗೆ ಚಿಕ್ಕ ಯಂತ್ರವೇ ಸಾಲಬಹುದಾದ್ದರಿಂದ, ಅಳತೆಯನ್ನು ಛಾವಣಿಯ ಕೆಲಸ ಮುಗಿದ ಮೇಲೆಯೇ ಗೊತ್ತುಮಾಡಬೇಕು. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಈ ಯಂತ್ರಗಳು 24 ಡಿಗ್ರಿಗೆ ಗೊತ್ತುಮಾಡಿಯೇ ಬರತಕ್ಕದ್ದೆಂಬ ನಿಯಮವಾಯಿತು. ಪಂಖವನ್ನೂ ಜೊತೆಗೆ ತಿರುಗಿಸಿದರೆ ಇನ್ನೂ ಎರಡು ಮೂರು ಡಿಗ್ರಿ ಮೇಲಿಟ್ಟರೂ ಸಾಕಾಗುತ್ತದೆ.

ಯಂತ್ರಗಳನ್ನು ಮುಂದೆ ಎಂದಾದರೂ ಕೊಳ್ಳಬಹುದು. ಗೋಡೆಯೊಳಗೆ ಅಡಗುವ ತಂತಿ ಕೊಳವೆಗಳನ್ನು ಮಾತ್ರ ಈಗಲೇ ಹಾಕಿಸಬೇಕು. ಎ.ಸಿ.ಗೂ ನೀರು ಕಾಯಿಸುವ ಗೀಸರಿಗೂ ಬೋರ್ಡಿನಿಂದಲೇ ಬೇರೆ ಬೇರೆ ದಪ್ಪ ತಾಮ್ರದ ತಂತಿ, ಬೇರೆ ಬೇರೆ ಎಂ.ಸಿ.ಬಿ., ಸರಿಯಾದ ಅರ್ಥಿಂಗ್, ಎ.ಸಿ.ಯ ನೀರು ಹೋಗಲು ಇಳಿಜಾರಾದ ಕೊಳವೆ, ಇವನ್ನು ಗಿಲಾವಿಗೆ ಮುಂಚೆಯೇ ಮಾಡಿಸದಿದ್ದರೆ ಹೊಸ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ. ವಿದ್ಯುತ್ ಕಂಪನಿಯು ಮಂಜೂರು ಮಾಡಿದ ಹೊರೆಯು ಸಾಲದಿದ್ದರೆ ಅರ್ಜಿಯನ್ನೂ ಈಗಲೇ ಕೊಡುವುದು.

ಬಿಸಿನೀರಿನ ಲೆಕ್ಕವನ್ನೂ ನೋಡೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ನಾಲ್ಕು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್ತು ಬೇಕು. ದಿನವೂ ಆದರೆ ತಿಂಗಳಿಗೆ ನೂರಿಪ್ಪತ್ತರ ಮೇಲಾಯಿತು. ಬಿಸಿಲಿಗೆ ಬಡತನವಿಲ್ಲದ ನಾಡಿನಲ್ಲಿ ಇದನ್ನು ಸೂರ್ಯನಿಂದಲೇ ಪಡೆಯುವುದು ನ್ಯಾಯ. ಸೌರ ಹೀಟರಿನ ಮುಖವು ದಕ್ಷಿಣಕ್ಕಿರಬೇಕು. ಅದು ಸ್ನಾನಗೃಹಕ್ಕೆ ಸಮೀಪದಲ್ಲಿರಬೇಕು, ಇಲ್ಲವಾದರೆ ಪ್ರತಿದಿನವೂ ಕೊಳವೆಯಲ್ಲಿ ನಿಂತ ತಣ್ಣೀರು ವ್ಯರ್ಥವಾಗುತ್ತದೆ. ತಣ್ಣೀರಿನ ತೊಟ್ಟಿಯು ಅದಕ್ಕಿಂತ ಎತ್ತರದಲ್ಲಿರಬೇಕು. ಕೊಳವೆಬಾವಿಯ ಗಡಸುನೀರಾದರೆ ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುವುದರಿಂದ ಗಾಜಿನ ಕೊಳವೆಗಳ ಬಗೆಯನ್ನು ಆರಿಸುವುದು ಲೇಸು. ಬಿಸಿನೀರಿಗೆ ಸಾಧಾರಣ ಪಿ.ವಿ.ಸಿ. ಕೊಳವೆ ಕೂಡದು; ಅದು ಮೆತ್ತಗಾಗುತ್ತದೆ.

ಗ್ಯಾಸಿನ ಗೀಸರನ್ನು ಸ್ನಾನಗೃಹದ ಒಳಗೆ ಕೂಡಿಸಲು ಯಾರು ಹೇಳಿದರೂ ಕೇಳಬೇಡಿರಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವಷ್ಟರಲ್ಲಿಯೇ ಬಲಗುಂದಿ ಬೀಳುವರು. ಅದನ್ನು ಹೊರಗಿನ ಗಾಳಿಯಾಡುವ ಸ್ಥಳದಲ್ಲಿಟ್ಟು ನೀರನ್ನು ಮಾತ್ರ ಒಳಗೆ ತರಬೇಕು. ಪುಷ್ಯಮಾಸದ ಚಳಿಯಲ್ಲಿ ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಬಾಗಿಲು ಹಾಕುವ ಪದ್ಧತಿಗೂ ಇದೇ ಅಪಾಯವುಂಟು.

ಇಷ್ಟನ್ನು ತಿಳಿದ ಮೇಲೆ ಕ್ರಮವು ಸ್ಪಷ್ಟವಾಗುತ್ತದೆ. ಮೊದಲನೆಯದಾಗಿ, ಅತ್ತೆಯವರ ಹಾಸಿಗೆಯನ್ನು ಈ ಬೇಸಗೆಗೇ ಹಳೆಯ ಕಲ್ಲಿನ ಕೋಣೆಗೆ ಬದಲಾಯಿಸುವುದು. ಇದಕ್ಕೆ ಕಾಸಿನ ಖರ್ಚಿಲ್ಲ. ಅಡ್ಡಿಯಿರುವುದು ಸ್ನಾನಗೃಹವೊಂದೇ. ಆದುದರಿಂದ ಎರಡನೆಯದಾಗಿ, ಎ.ಸಿ.ಗಳಿಗೆ ಎತ್ತಿಟ್ಟ ಹಣದಲ್ಲಿ ಆ ಕೋಣೆಯ ಪಕ್ಕದಲ್ಲಿ ಜಾರದ ನೆಲವೂ ಹಿಡಿದುಕೊಳ್ಳಲು ಕಂಬಿಯೂ ಇರುವ ಚಿಕ್ಕ ಸ್ನಾನಗೃಹವನ್ನು ಕಟ್ಟಿಸುವುದು. ಮೂರನೆಯದು ತಾರಸಿಗೆ ಬಿಳುಪು ಮತ್ತು ಮಾಳಿಗೆಯ ರಿಪೇರಿ. ನಾಲ್ಕನೆಯದು ತಂತಿ ಕೊಳವೆಗಳು. ಐದನೆಯದು ಸೌರ ಹೀಟರು. ಉಳಿದ ಹಣಕ್ಕೆ ಒಂದು ಎ.ಸಿ., ಒಂದು ಕೂಲರು. ಯಜಮಾನರೊಡನೆ ವಾದಿಸುವುದಕ್ಕಿಂತ, ಒಂದು ಉಷ್ಣಮಾಪಕವನ್ನು ಕೊಂಡು ರಾತ್ರಿ ಒಂಬತ್ತು ಗಂಟೆಗೆ ಎರಡು ಕೋಣೆಗಳಲ್ಲಿಯೂ ವಾರವೊಂದು ಕಾಲ ಅಳೆದು ಬರೆದಿಡಿರಿ. ಆ ಅಂಕಿಗಳು ಸೊಸೆಯ ಮಾತಿಗಿಂತ ಬೇಗ ಕಿವಿಗೆ ಬೀಳುವುವು!

ಅತ್ತೆಯವರು ಎರಡು ಸಲ ಪ್ರಜ್ಞೆ ತಪ್ಪಿದುದನ್ನು ವೈದ್ಯರಿಗೆ ತಿಳಿಸಿ ಪರೀಕ್ಷಿಸಿಸತಕ್ಕದ್ದು. ಮನೆಯ ದುರಸ್ತು ವೈದ್ಯರ ಕೆಲಸಕ್ಕೆ ಬದಲಾಗುವುದಿಲ್ಲ.

ಕಡೆಯದಾಗಿ ಒಂದು ಮಾತು. ಕಲಬುರಗಿಯ ಭಾಗದಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ಕೆಲಸವನ್ನು ಬೆಳಗಿನ ಹೊತ್ತಿಗೆ ಬದಲಾಯಿಸುವ ರೂಢಿಯುಂಟು. ನೆರಳಿನಲ್ಲಿ ಕುಳಿತು ಬರೆಯುವವರಿಗೇ ಈ ಅನುಕೂಲವಿರುವಾಗ, ನಮ್ಮ ತಾರಸಿಯ ಮೇಲೆ ನಿಂತು ಗಾರೆ ಕಲಸುವವರಿಗೆ ಇಲ್ಲವೆನ್ನುವುದು ಯಾವ ಧರ್ಮ? ಸಾಧ್ಯವಿದ್ದರೆ ಛಾವಣಿಯ ಕೆಲಸವನ್ನು ಮಾಘ ಫಾಲ್ಗುನಗಳಲ್ಲಿಯೇ ಮುಗಿಸಿರಿ. ತಡವಾದರೆ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ ಮೇಲೆ ಕೆಲಸ ಮಾಡಿಸಿ, ಕುಳಿತುಕೊಳ್ಳಲು ನೆರಳನ್ನೂ, ಕುಡಿಯಲು ಉಪ್ಪು ಹಾಕಿದ ಮಜ್ಜಿಗೆಯನ್ನೂ ಕೊಡಿರಿ; ಕೂಲಿಯಲ್ಲಿ ಮಾತ್ರ ಕಡಿಯಬೇಡಿರಿ.