ಊರಿನ ಗದ್ದೆಯೂ ಹೊತ್ತು ತಪ್ಪಿದ ಮಳೆಯೂ

ಜೂನ್ ತಿಂಗಳು ಸಮೀಪಿಸಿತೆಂದರೆ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಬಂಧುಗಳು ಊರಿನವರನ್ನು ಮೊದಲು ಕೇಳುವುದು, ಮಳೆ ಹಿಡಿಯಿತೇ ಎಂದು. ಇದು ಬರಿಯ ಕುಶಲಪ್ರಶ್ನೆಯಲ್ಲ; ಉಳುಮೆಗೂ ನಾಟಿಯ ಕೂಲಿಗೂ ಕಳುಹಿಸಬೇಕಾದ ಹಣದ ಲೆಕ್ಕವೂ ಅದರಲ್ಲಿ ಅಡಗಿರುತ್ತದೆ.

ಮೃಗಶಿರಾ, ಆರ್ದ್ರಾ ಮಳೆಗಳನ್ನು ನಂಬಿ ಸಸಿಮಡಿ ಮಾಡಿ, ಏಣಿಲು ಬೆಳೆಯ ನಾಟಿಯನ್ನು ಮುಗಿಸುವುದು ಅಲ್ಲಿಯ ಬೇಸಾಯಗಾರನ ಕ್ರಮ. ಆ ನಂಬಿಕೆಗೆ ಈಚಿನ ವರ್ಷಗಳು ಪೆಟ್ಟು ಕೊಟ್ಟಿವೆ. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದುದೇ ಜೂನ್ 8ರಂದು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶವು ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2025ರಲ್ಲಿಯಾದರೋ ಮೇ 24ರಂದೇ ಕೇರಳಕ್ಕೆ ಬಂದ ಮುಂಗಾರು ಎರಡೇ ದಿನಗಳಲ್ಲಿ ಮುಂಬಯಿಯನ್ನೂ ತೋಯಿಸಿತು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಗೆ ಚಿಂತೆ ಏಕೆಂದು ಕೇಳುವವರುಂಟು. ಭತ್ತಕ್ಕೆ ಬೇಕಾದುದು ಮೊತ್ತವಲ್ಲ, ಹೊತ್ತು. ನಾಟಿಯ ವೇಳೆಗೆ ನೀರಿಲ್ಲದಿದ್ದರೆ ಸಸಿ ಬಲಿತು ಕೆಡುತ್ತದೆ. ಕೊಯ್ಲಿನ ಅಕ್ಟೋಬರದಲ್ಲಿ ಸುರಿದರೆ ಪೈರು ಮಲಗಿ, ಕಾಳು ತೆನೆಯಲ್ಲಿಯೇ ಮೊಳೆಯುತ್ತದೆ, ದನಗಳಿಗೆ ಹುಲ್ಲೂ ದಕ್ಕದು. ಸೆಕೆಯ ಕೇಡು ಬೇರೆ. ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದಾಗ ಇಳುವರಿ ಶೇಕಡಾ 10ರಷ್ಟು ಕುಗ್ಗಿತೆಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಅನುಭವವನ್ನು ಆಧರಿಸಿ ವಿಜ್ಞಾನಿಗಳು 2004ರಲ್ಲಿಯೇ ತಿಳಿಸಿದ್ದರು.

ನಷ್ಟವಾದರೆ ಕೈಹಿಡಿಯಲೆಂದು 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಿದೆ. ಮುಂಗಾರಿನ ಭತ್ತಕ್ಕೆ ರೈತನು ತೆರಬೇಕಾದುದು ವಿಮಾ ಮೊತ್ತದ ಶೇಕಡಾ 2 ಮಾತ್ರ. ತೊಡಕಿರುವುದು ಇಲ್ಲಿಯೇ. ವಿಮೆಯಾಗಲಿ ಬರಪರಿಹಾರವಾಗಲಿ ಪಹಣಿಯನ್ನು ನೋಡಿಕೊಂಡು ಬರುವಂಥವು. ನಮ್ಮಲ್ಲಿ ಎಷ್ಟೋ ಮನೆಗಳ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಮೊಮ್ಮಕ್ಕಳಲ್ಲಿ ಒಬ್ಬರು ಮುಂಬಯಿಯ ಗಲ್ಲಾದಲ್ಲಿ, ಒಬ್ಬರು ಪುಣೆಯ ಕಚೇರಿಯಲ್ಲಿ. ಕೆಸರಿಗಿಳಿಯುವವನು ಊರಿನಲ್ಲುಳಿದ ತಮ್ಮನೊಬ್ಬನೇ. ಮಳೆ ಕೈಕೊಟ್ಟಾಗ ಅವನು ಯಾವ ಕಾಗದವನ್ನು ತೋರಿಸಬೇಕು? ಒಂದೆರಡು ವರ್ಷ ಸೈರಿಸಿ, ಮೂರನೆಯ ವರ್ಷ ಗದ್ದೆಯನ್ನು ಹಡಿಲು ಬಿಡುತ್ತಾನೆ. ಅವನನ್ನು ಸೋಮಾರಿಯೆಂದು ಹಳಿಯುವ ಪತ್ರಗಳು ನಮ್ಮ ಕಚೇರಿಗೂ ಬರುವುದುಂಟು. ಅದನ್ನು ನಾವು ಒಪ್ಪಲಾರೆವು.

ಬೈಲುಗದ್ದೆಯಲ್ಲಿ ಒಬ್ಬನು ಹಡಿಲು ಬಿಟ್ಟರೆ ಕೇಡು ಅವನೊಬ್ಬನದಲ್ಲ. ನೀರು ಗದ್ದೆಯಿಂದ ಗದ್ದೆಗೆ ಹರಿಯುವುದರಿಂದ, ಮೇಲಿನವನ ಹುಣಿ ಒಡೆದರೆ ಕೆಳಗಿನವನ ನಾಟಿ ಕೊಚ್ಚಿಹೋಗುತ್ತದೆ.

ಮಳೆಯನ್ನು ಹೊತ್ತಿಗೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಪೌತಿ ಖಾತೆಯನ್ನು ಮಾಡಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಬಾರಿ ರಜೆಯಲ್ಲಿ ಊರಿಗೆ ಹೋಗುವ ವಾಚಕರು ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಒಂದೆಡೆ ಕೂಡಿಸಿಕೊಂಡು, ಅಜ್ಜನ ಮರಣಪತ್ರದೊಡನೆ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಒಮ್ಮೆ ಹೋಗಿಬರಬೇಕೆಂದು ಕೋರುತ್ತೇವೆ.