ರಸ್ತೆಗೂ ಹೊಲಕ್ಕೂ ಒಂದೇ ಟ್ರಾಕ್ಟರು: ವೇಗಕ್ಕೆ ಎಷ್ಟು ಬೆಲೆ ಕಟ್ಟಬೇಕು?

ಕಬ್ಬು ಬೆಳೆಯುವ ಸೀಮೆಗಳಲ್ಲಿ ಟ್ರಾಕ್ಟರು ಈಗ ಕೇವಲ ಉಳುವ ಯಂತ್ರವಾಗಿ ಉಳಿದಿಲ್ಲ. ಮಂಡ್ಯದ ನಾಲೆಯ ಬಯಲಿನಲ್ಲಿಯೂ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದೀತೀರಗಳಲ್ಲಿಯೂ ಅದು ವರ್ಷದ ಕೆಲವು ತಿಂಗಳು ನೇಗಿಲನ್ನೂ ರೋಟವೇಟರನ್ನೂ ಎಳೆದು, ಮತ್ತೆ ಕೆಲವು ತಿಂಗಳು ಕಬ್ಬು ತುಂಬಿದ ಟ್ರೈಲರುಗಳನ್ನು ಕಾರ್ಖಾನೆಗೆ ಸಾಗಿಸುತ್ತದೆ. ಆದುದರಿಂದ ಹೊಸ ಯಂತ್ರವನ್ನು ಕೊಳ್ಳುವ ಜಮೀನುದಾರರು, ರಸ್ತೆಯ ಮೇಲೆ ಅದು ಗಂಟೆಗೆ ಎಷ್ಟು ದೂರ ಓಡುವುದೆಂದು ಮೊದಲು ವಿಚಾರಿಸುವುದು ವಾಡಿಕೆಯಾಗಿದೆ. ಈ ಪ್ರಶ್ನೆಯು ಕೇಳತಕ್ಕದ್ದೇ ಸರಿ. ಆದರೆ ಅದನ್ನು ಕೊನೆಯಲ್ಲಿ ಕೇಳತಕ್ಕದ್ದು.

ಎತ್ತುಗಳ ವಿಷಯದಲ್ಲಿ ನಮ್ಮ ರೈತರಿಗೆ ಈ ವಿವೇಕವು ಹಿಂದಿನಿಂದಲೂ ಇದ್ದಿತು. ಅಮೃತಮಹಲ್ ಎತ್ತು ಸೈನ್ಯದ ಸಾಮಾನುಗಳನ್ನು ಶೀಘ್ರವಾಗಿ ಸಾಗಿಸುವುದಕ್ಕೆಂದು ಮೈಸೂರಿನ ಅರಸರ ಕಾಲದಲ್ಲಿ ಬೆಳೆಸಲ್ಪಟ್ಟ ತಳಿ. ಕೃಷ್ಣಾ ಕಣಿವೆಯ ಎತ್ತಾದರೋ ಎರೆಭೂಮಿಯಲ್ಲಿ ಭಾರವಾದ ಸಲಕರಣೆಗಳನ್ನು ನಿಧಾನವಾಗಿ ಎಳೆಯುವುದಕ್ಕೆ ಹೆಸರಾದುದು. ಓಟದ ಎತ್ತನ್ನೂ ಭಾರದ ಎತ್ತನ್ನೂ ಒಂದೇ ಅಳತೆಯಿಂದ ಯಾರೂ ಪರೀಕ್ಷಿಸುತ್ತಿರಲಿಲ್ಲ. ಯಂತ್ರವನ್ನು ಆರಿಸುವಾಗ ಮಾತ್ರ ಈ ಭೇದವನ್ನು ಮರೆಯುವುದು ಯುಕ್ತವಲ್ಲ.

ವೇಗದ ಪಕ್ಷದಲ್ಲಿ ಹೇಳುವ ಮಾತು ನಿರಾಧಾರವಾದುದೇನೂ ಅಲ್ಲ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ, ಬೇಗನೆ ಗಾಣಕ್ಕೆ ಮುಟ್ಟಿಸುವುದು ಲಾಭಕರ. ಆದರೆ ಲೆಕ್ಕವನ್ನು ಹಾಕಿ ನೋಡಬೇಕು. ಕಾರ್ಖಾನೆಯು 15 ಕಿಲೋಮೀಟರು ದೂರದಲ್ಲಿದ್ದರೆ, ಗಂಟೆಗೆ 25 ಕಿಲೋಮೀಟರು ಓಡುವ ಟ್ರಾಕ್ಟರಿಗೆ 36 ನಿಮಿಷ ಹಿಡಿಯುತ್ತದೆ. 40 ಕಿಲೋಮೀಟರು ಓಡುವುದಕ್ಕೆ ಸುಮಾರು 23 ನಿಮಿಷ. ಉಳಿಯುವುದು 13 ನಿಮಿಷ ಮಾತ್ರ. ಕಬ್ಬನ್ನು ಕಡಿದು ತುಂಬುವುದರಲ್ಲಿಯೂ, ಕಾರ್ಖಾನೆಯ ತೂಕದ ಸೇತುವೆಯ ಮುಂದೆ ಸಾಲಿನಲ್ಲಿ ನಿಲ್ಲುವುದರಲ್ಲಿಯೂ ಗಂಟೆಗಟ್ಟಲೆ ಕಾಲ ಹೋಗುವಾಗ, ಈ 13 ನಿಮಿಷಗಳಿಗಾಗಿ ಹೆಚ್ಚಿನ ಹಣವನ್ನು ಸಾಲಮಾಡಿ ತೆರುವುದು ಜಾಣತನವಲ್ಲ. ದಾರಿಯು ಬಹು ದೂರವಾಗಿ, ಸಾಗಾಣಿಕೆಯೇ ಮುಖ್ಯ ಕೆಲಸವಾಗಿದ್ದರೆ, ಲಾರಿಯ ಬಾಡಿಗೆಯೊಡನೆ ಹೋಲಿಸಿ ನೋಡುವುದು ಮೇಲು.

ಇನ್ನು ಅಪಾಯದ ವಿಷಯ. ವೇಗವು ಎರಡರಷ್ಟಾದರೆ, ಬ್ರೇಕನ್ನು ಒತ್ತಿದ ಮೇಲೆ ಗಾಡಿಯು ನಿಲ್ಲುವುದಕ್ಕೆ ಬೇಕಾಗುವ ದೂರವು ನಾಲ್ಕರಷ್ಟಾಗುತ್ತದೆ. ಸಾಮಾನ್ಯ ಟ್ರಾಕ್ಟರಿನಲ್ಲಿ ಬ್ರೇಕು ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದಿನ ಅಚ್ಚಿಗೆ ಸ್ಪ್ರಿಂಗು ಇರುವುದಿಲ್ಲ. ಅದರ ಹಿಂದೆ ಅದಕ್ಕಿಂತ ಹಲವು ಪಾಲು ಭಾರವಾದ, ತನಗೆ ಬ್ರೇಕೇ ಇಲ್ಲದ ಟ್ರೈಲರನ್ನು ಕಟ್ಟಿ ಇಳಿಜಾರಿನಲ್ಲಿ ಓಡಿಸಿದರೆ, ಮುಂದಿನ ಯಂತ್ರವು ಹಿಂದಿನ ಭಾರವನ್ನು ತಡೆಯುವ ಬದಲು, ಹಿಂದಿನ ಭಾರವೇ ಮುಂದಿನ ಯಂತ್ರವನ್ನು ದಬ್ಬಿಕೊಂಡು ಹೋಗುತ್ತದೆ.

ಎರಡು ಕೆಲಸಗಳಿಗೂ ಒಂದೇ ಯಂತ್ರವನ್ನು ನಿರ್ಮಿಸಿದ ಪರದೇಶದವರು ನಡೆದ ಕ್ರಮವು ಇಲ್ಲಿ ಗಮನಿಸತಕ್ಕದ್ದು. ಜರ್ಮನಿಯಲ್ಲಿ 1948ರಲ್ಲಿ ತಯಾರಾಗತೊಡಗಿದ ಯೂನಿಮಾಗ್ ಯಂತ್ರವು 25 ಅಶ್ವಶಕ್ತಿಯದಾಗಿದ್ದು, ಗಂಟೆಗೆ 50 ಕಿಲೋಮೀಟರು ಓಡುತ್ತಿದ್ದಿತು. ಅದರ ಚಕ್ರಗಳ ನಡುವಣ ಅಂತರವನ್ನು ಆಲೂಗೆಡ್ಡೆಯ ಎರಡು ಸಾಲುಗಳಿಗೆ ಸರಿಯಾಗಿ 1,270 ಮಿಲಿಮೀಟರು ಎಂದು ಗೊತ್ತುಮಾಡಿದ್ದರು. ನಾಲ್ಕು ಚಕ್ರಗಳಿಗೂ ಬ್ರೇಕನ್ನೂ ಸ್ಪ್ರಿಂಗನ್ನೂ ಒದಗಿಸಿದ್ದರು. ಇಂಗ್ಲೆಂಡಿನ ಜೆಸಿಬಿ ಸಂಸ್ಥೆಯವರು 1991ರಲ್ಲಿ ಮಾರುಕಟ್ಟೆಗೆ ತಂದ ಫಾಸ್ಟ್ರಾಕ್ ಟ್ರಾಕ್ಟರಿನಲ್ಲಿಯೂ ಎರಡು ಅಚ್ಚುಗಳಿಗೂ ಸ್ಪ್ರಿಂಗು, ಎಲ್ಲ ಚಕ್ರಗಳಿಗೂ ಬ್ರೇಕು ಇದ್ದುವು. ನಿಲ್ಲುವ ಶಕ್ತಿಯನ್ನು ಒದಗಿಸಿದ ಯಂತ್ರಕ್ಕೆ ಓಡುವ ಶಕ್ತಿಯನ್ನು ಕೊಟ್ಟರೆಂಬುದೇ ಇದರ ಸಾರಾಂಶ. ನಮ್ಮಲ್ಲಿ ಮಾರಾಟವಾಗುವ ಟ್ರಾಕ್ಟರು ಗಂಟೆಗೆ 35 ಅಥವಾ 40 ಕಿಲೋಮೀಟರು ಓಡುವುದೆಂದ ಮಾತ್ರಕ್ಕೆ ಅದು ಆ ಜಾತಿಗೆ ಸೇರಿತೆಂದು ಭಾವಿಸಬಾರದು.

ಆದುದರಿಂದ ಕೊಳ್ಳುವವರು ಮೊದಲು ಹೊಲದ ಗೇರುಗಳನ್ನು ನೋಡಬೇಕು. ಉಳುಮೆ, ಹರಗುವಿಕೆ ಮುಂತಾದ ಬಹುಪಾಲು ಕೆಲಸಗಳು ಗಂಟೆಗೆ 4ರಿಂದ 12 ಕಿಲೋಮೀಟರುಗಳ ಒಳಗೆ ನಡೆಯುತ್ತವೆ. ಈ ಮಿತಿಯೊಳಗೆ ಎಷ್ಟು ಗೇರುಗಳಿವೆಯೆಂಬುದು ಮುಖ್ಯ. ರೋಟವೇಟರಿಗೆ ಇನ್ನೂ ನಿಧಾನವಾದ ಗೇರು ಬೇಕು. ಎರಡನೆಯದಾಗಿ ಬ್ರೇಕುಗಳನ್ನು ಪರೀಕ್ಷಿಸಬೇಕು. ಟ್ರೈಲರಿಗೂ ಬ್ರೇಕನ್ನು ಹಾಕಿಸಲು ಅನುಕೂಲವುಂಟೇ ಎಂದು ವಿಚಾರಿಸಬೇಕು. ಮೂರನೆಯದಾಗಿ, ಭಾರವನ್ನು ಎಳೆಯುವಾಗ ಮುಂಗಾಲಿ ಮೇಲೇಳದಂತೆ ಮುಂದುಗಡೆ ಸಾಕಷ್ಟು ತೂಕವಿದೆಯೇ ಎಂದು ನೋಡಬೇಕು. ಈ ಮೂರೂ ಸರಿಯಾಗಿದ್ದಲ್ಲಿ ಮಾತ್ರ ರಸ್ತೆಯ ವೇಗವನ್ನು ಕೇಳಬಹುದು.

ಕೊಂಡ ಬಳಿಕವೂ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸತಕ್ಕದ್ದು. ಹೊಲದಲ್ಲಿ ತಿರುಗುವ ಅನುಕೂಲಕ್ಕಾಗಿ ಎಡಬಲದ ಬ್ರೇಕಿನ ಪೆಡಲುಗಳು ಬೇರೆ ಬೇರೆಯಾಗಿರುತ್ತವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಕೊಂಡಿಯಿಂದ ಜೋಡಿಸದಿದ್ದರೆ, ಒಂದೇ ಚಕ್ರವು ಹಿಡಿದುಕೊಂಡು ಯಂತ್ರವು ಪಕ್ಕಕ್ಕೆ ಎಳೆದು ಮಗುಚುವ ಸಂಭವವುಂಟು. ಟ್ರೈಲರಿನ ಹಿಂದೆ ಕೆಂಪು ದೀಪವೂ, ಬೆಳಕಿಗೆ ಹೊಳೆಯುವ ಪಟ್ಟಿಯೂ ಇರಲೇಬೇಕು. ಬಾಡಿಗೆಗೆ ಸರಕನ್ನು ಸಾಗಿಸುವವರು ನೋಂದಣಿಯ ಮತ್ತು ವಿಮೆಯ ಷರತ್ತುಗಳನ್ನು ಮೊದಲೇ ತಿಳಿದುಕೊಳ್ಳಬೇಕು.

ಈ ವಿಷಯದಲ್ಲಿ ಊರಿನ ಮುಖ್ಯಸ್ಥರ ಹೊಣೆಯೂ ಸ್ವಲ್ಪವಲ್ಲ. ಕತ್ತಲಾದ ಮೇಲೆ ದೀಪವಿಲ್ಲದ ಟ್ರೈಲರು ಊರಿನಿಂದ ಹೊರಡದಂತೆಯೂ, ಲೈಸೆನ್ಸಿಲ್ಲದ ಹುಡುಗರು ಚಕ್ರವನ್ನು ಹಿಡಿಯದಂತೆಯೂ, ಕಬ್ಬಿನ ಹೊರೆಯ ಮೇಲೆ ಕೂಲಿಯವರು ಕುಳಿತು ಪ್ರಯಾಣಮಾಡದಂತೆಯೂ ಅವರು ತಡೆದರೆ, ಎಷ್ಟೋ ಮನೆಗಳಿಗೆ ಉಪಕಾರವಾಗುವುದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಯಂತ್ರವನ್ನು ಕೊಳ್ಳುವವನಿಗೂ ಅದನ್ನು ಓಡಿಸುವವನಿಗೂ ಸಮನಾಗಿ ಸಲ್ಲುತ್ತದೆ. ಹೊಲದಲ್ಲಿ ನಿಧಾನವಾಗಿ ನಡೆಯಬಲ್ಲ, ರಸ್ತೆಯಲ್ಲಿ ಬೇಕಾದೆಡೆ ನಿಲ್ಲಬಲ್ಲ ಟ್ರಾಕ್ಟರೇ ಜಮೀನುದಾರನಿಗೆ ಲಾಭವನ್ನು ತರತಕ್ಕದ್ದು.